ಶಾಲಾ ಆವರಣದ ಜೀವವೈವಿಧ್ಯ: ಸಸಿ ನೆಡುವುದಕ್ಕೂ ಮೊದಲು

ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರ ಗಮನಕ್ಕೆ,

ಶಾಲೆಯ ಕಾಂಪೌಂಡ್ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ‘ಗಿಡಗಂಟಿ ತೆರವು’ ಎಂಬ ಒಂದು ಸಾಲಿರುತ್ತದೆ. ಎಂಜಿನಿಯರಿಂಗ್ ಓದಿದ ನಾನು ಆ ಸಾಲಿನ ದರವನ್ನು ಪರಿಶೀಲಿಸುತ್ತಿದ್ದೆನೇ ಹೊರತು, ತೆರವಾಗುವುದು ಏನೆಂದು ಕೇಳಿರಲಿಲ್ಲ. ಒಂದು ಶಾಲೆಯಲ್ಲಿ ಹಾಗೆ ತೆರವಾದದ್ದು ಬೇಲಿಯಂಚಿನ ಎಕ್ಕದ ಗಿಡಗಳು. ಅವುಗಳ ಎಲೆಯ ಮೇಲಿನ ಪಟ್ಟೆಪಟ್ಟೆಯ ಹುಳುಗಳನ್ನು ನಾಲ್ಕನೇ ತರಗತಿಯ ಮಕ್ಕಳು ದಿನವೂ ನೋಡಿ ಬರೆದಿಡುತ್ತಿದ್ದರೆಂಬುದು ಆಮೇಲೆ ತಿಳಿಯಿತು.

ಚಿಟ್ಟೆಯು ಹಲವು ಬಗೆಯ ಹೂಗಳಿಂದ ಮಕರಂದ ಹೀರಬಲ್ಲದು. ಮೊಟ್ಟೆಯಿಡಲು ಮಾತ್ರ ತನ್ನ ಮರಿಹುಳು ತಿನ್ನುವ ಗಿಡವನ್ನೇ ಹುಡುಕುತ್ತದೆ. ಎಕ್ಕವನ್ನು ಅರಸಿ ಬರುವುದು ಒಂದು ಜಾತಿಯಾದರೆ, ನಿಂಬೆ, ಕರಿಬೇವುಗಳಿಗೆ ಬರುವುದು ಇನ್ನೊಂದು. ಅಲಂಕಾರಕ್ಕೆಂದು ತಂದ ಕ್ರೋಟನ್ ಕುಂಡಗಳು ಎಕ್ಕದ ಸ್ಥಾನವನ್ನು ತುಂಬಲಾರವು. ಎಕ್ಕದ ಹಾಲು ಕಣ್ಣಿಗೆ ಅಪಾಯಕಾರಿಯೆಂಬುದೂ ನಿಜ. ಆದುದರಿಂದ ಅದನ್ನು ಆಟದ ಮೈದಾನದಿಂದ ದೂರದ ಮೂಲೆಯಲ್ಲಿ ಉಳಿಸಿಕೊಳ್ಳಬೇಕು.

ಹೊಸದಾಗಿ ನೆಡುವುದಾದರೆ ಹೊಂಗೆ, ನೇರಳೆ, ಅತ್ತಿಗಳು ಸೂಕ್ತ. ಉದುರಿದ ಎಲೆಗಳನ್ನು ಸುಡದೆ ಗಿಡಗಳ ಬುಡಕ್ಕೆ ಹಾಕಿಸಿರಿ.

ಜೀವವೈವಿಧ್ಯ ಅಧಿನಿಯಮ, 2002ರ 41ನೇ ಪ್ರಕರಣದಂತೆ ರಚನೆಯಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಶಾಲಾ ಆವರಣವೂ ಸೇರಲಿ. ಮಕ್ಕಳ ಟಿಪ್ಪಣಿಗಳು ಅದಕ್ಕೆ ಒದಗುತ್ತವೆ. ಅಂದಾಜು ಪಟ್ಟಿ ತಯಾರಾಗುವ ಮುನ್ನವೇ ತಾವು ಶಿಕ್ಷಕರು ಹಾಗೂ ಎಸ್‌ಡಿಎಂಸಿ ಸದಸ್ಯರೊಂದಿಗೆ ಆವರಣವನ್ನು ಒಮ್ಮೆ ಸುತ್ತಿ, ಉಳಿಸಬೇಕಾದ ಗಿಡಗಳಿಗೆ ಸುಣ್ಣದ ಗುರುತು ಹಾಕಿಸಬೇಕು. ಗೋಡೆಯ ಅಡಿಪಾಯಕ್ಕೆ ಬೇಕಾದಷ್ಟು ಅಗಲವನ್ನು ಮಾತ್ರ ತೆರವು ಮಾಡಿದರೆ ಸಾಕು. ಜೆಸಿಬಿ ಚಾಲಕನಿಗೆ ಅದನ್ನು ಸ್ಥಳದಲ್ಲಿಯೇ ತೋರಿಸಿರಿ.