ಎರಡು ದಿನದ ದೇಶಾಟನ

ದೇಶ ಸುತ್ತು, ಕೋಶ ಓದು ಎಂದ ಹಿರಿಯರು, ದೇಶವನ್ನು ಎಷ್ಟು ದಿನಗಳಲ್ಲಿ ಸುತ್ತತಕ್ಕದ್ದೆಂಬುದನ್ನು ಮಾತ್ರ ಹೇಳದೆ ಬಿಟ್ಟರು. ಈ ಕಾಲದ ತರುಣರು ಆ ಲೋಪವನ್ನು ತುಂಬಿರುವರು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಜಿಲ್ಲೆಯ ಹುಡುಗರು ವಿಮಾನವನ್ನೇರಿ, ಪ್ಯಾರಿಸಿನಲ್ಲಿ ಎರಡು ದಿನ, ಪ್ರಾಗಿನಲ್ಲಿ ಒಂದೂವರೆ ದಿನ, ರೋಮಿನಲ್ಲಿ ಎರಡು ದಿನ ಇದ್ದು, ಯೂರೋಪನ್ನು ಕಂಡು ಬಂದೆವೆಂದು ಹೇಳುವರು. ಇದನ್ನು ನಾವು ಪರಿಹಾಸಕ್ಕಾಗಿ ಬರೆಯುತ್ತಿಲ್ಲ. ರಜೆಯೆಂಬುದು ನಾಲ್ಕು ದಿನವಾಗಿರುವ ಗುಮಾಸ್ತನು ನಾಲ್ಕು ದಿನದಲ್ಲಿಯೇ ಲೋಕವನ್ನು ನೋಡಬೇಕು. ನೋಡದೆ ಮನೆಯಲ್ಲಿ ಕುಳಿತಿರುವುದಕ್ಕಿಂತ ಇದು ಮೇಲು. ಅಗ್ಗದ ಸಾಮೂಹಿಕ ಪ್ರವಾಸಕ್ಕೆ ದಾರಿಮಾಡಿದ ಥಾಮಸ್ ಕುಕ್ ಎಂಬ ಇಂಗ್ಲೀಷನು 1841ರಲ್ಲಿ ಲೆಸ್ಟರಿನಿಂದ ಲಫ್‌ಬರೋ ಎಂಬ ಊರಿಗೆ ತಲೆಗೆ ಒಂದು ಷಿಲ್ಲಿಂಗಿನ ದರದಲ್ಲಿ ಸುಮಾರು ಐನೂರು ಜನರನ್ನು ರೈಲಿನಲ್ಲಿ ಕರೆದೊಯ್ದದ್ದು ಒಂದೇ ಹಗಲಿನ ಮಟ್ಟಿಗೆ. ಅದೂ ಪಾನನಿರೋಧದ ಸಭೆಯೊಂದಕ್ಕೆ. ಇಂದಿನ ಪ್ರವಾಸಿಗಳ ಪೈಕಿ ಎಷ್ಟು ಮಂದಿ ಅಂತಹ ಸಭೆಗೆ ಹೊರಟಾರೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಆದರೆ ಒಂದು ಪ್ರಶ್ನೆಯನ್ನು ಕೇಳದೆ ಇರಲಾರೆವು. ಷೆಂಗೆನ್ ರಹದಾರಿಗೆಂದು 2024ರ ಜೂನಿನಿಂದ ವಯಸ್ಕನೊಬ್ಬನು 90 ಯೂರೋ ತೆರಬೇಕಾಗಿದೆ. ಬ್ಯಾಂಕಿನ ಲೆಕ್ಕ ತೋರಿಸಬೇಕು, ಬೆರಳಿನ ಗುರುತು ಕೊಡಬೇಕು. ಇಷ್ಟೆಲ್ಲ ಶ್ರಮವನ್ನು ಸಂತೋಷದಿಂದ ವಹಿಸುವ ಮಹನೀಯರು, ಯಾವ ರಹದಾರಿಯನ್ನೂ ಕೇಳದ ಆವಣಿಯನ್ನು ಕಂಡಿರುವರೆ? ಎರಡು ದಿನದ ಪ್ರವಾಸವೆಂಬ ಈ ಹೊಸ ಪದ್ಧತಿಗೆ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರುಗಳ ಸೀಮೆಗಿಂತ ಅನುಕೂಲವಾದದ್ದು ಬೆಂಗಳೂರಿಗೆ ಇಷ್ಟು ಹತ್ತಿರದಲ್ಲಿ ಬೇರೆ ಇಲ್ಲವೆಂದು ನಮ್ಮ ಅಭಿಪ್ರಾಯ.

ಈಗ ನಡೆಯುತ್ತಿರುವುದಾದರೂ ಏನು? ಬೆಂಗಳೂರಿನವರು ಬೆಳಗಿನ ಜಾವ ಕಾರಿನಲ್ಲಿ ಹೊರಟು, 75ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕೋಲಾರವನ್ನು ಪಕ್ಕಕ್ಕೆ ಬಿಟ್ಟು, ಮುಳಬಾಗಿಲಿನಲ್ಲಿ ದೋಸೆ ತಿಂದು, ತಿರುಪತಿಯ ಕಡೆಗೆ ಓಡುವರು. ಮುಳಬಾಗಿಲಿನ ದೋಸೆ ನಿಲ್ಲಿಸಿ ತಿನ್ನತಕ್ಕದ್ದೇ ಸರಿ. ಮೇಲೆ ಮೆತ್ತಗೆ, ಕೆಳಗೆ ಗರಿಗರಿಯಾದ ಆ ದಪ್ಪ ದೋಸೆಯ ವಿಷಯದಲ್ಲಿ ನಮಗೆ ಯಾರೊಡನೆಯೂ ವಿವಾದವಿಲ್ಲ. ಆದರೆ ದೋಸೆಯ ಬೆಲೆಯನ್ನು ಬಿಟ್ಟು ಆ ಪ್ರಯಾಣಿಕನಿಂದ ಈ ಜಿಲ್ಲೆಗೆ ಸಲ್ಲುವುದು ಕಾರಿನ ಹೊಗೆ ಮಾತ್ರ. ಒಂದು ರಾತ್ರಿ ತಂಗಿದವನಾದರೋ, ವಸತಿಗೃಹದವನಿಗೆ, ಆಟೋದವನಿಗೆ, ಹೂವು ಹಣ್ಣು ಮಾರುವವಳಿಗೆ, ದಾರಿ ತೋರಿಸುವ ಹುಡುಗನಿಗೆ ನಾಲ್ಕು ಕಾಸು ಬಿಟ್ಟುಹೋಗುವನು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಮಂದಿ ಇನ್ನೂ ಬೆಳಕು ಹರಿಯುವ ಮೊದಲೇ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗಿ ಕತ್ತಲಾದ ಮೇಲೆ ಮರಳುತ್ತಿರುವ ಸೀಮೆ ಇದು. ಇಲ್ಲಿ ಒಂದು ರಾತ್ರಿಯ ವಸತಿಯೆಂಬುದು ಸಣ್ಣ ವಿಷಯವಲ್ಲ.

ಕೋಲಾರದಿಂದ ತೊಡಗೋಣ. ಗಂಗರು ತಲಕಾಡಿಗೆ ಹೋಗುವ ಮೊದಲು ಅವರ ರಾಜಧಾನಿಯಾಗಿದ್ದ ಕುವಲಾಲವೇ ಇಂದಿನ ಕೋಲಾರ. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಚೇಳಿನ ದೇವತೆಯಾದ ಚೇಳಮ್ಮನ ಸನ್ನಿಧಿಯಲ್ಲಿ ನೆಲದೊಳಗೇ ಕೊರೆದಿರುವ ಹುಂಡಿಯನ್ನು ಮಕ್ಕಳು ವಿಸ್ಮಯದಿಂದ ಬಗ್ಗಿ ನೋಡುವುದುಂಟು. ಸಮೀಪದಲ್ಲಿಯೇ ಇರುವ ಸೋಮೇಶ್ವರನ ಗುಡಿಯ ಕಲ್ಯಾಣಮಂಟಪದ ಕಂಬಗಳಿಗೆ ಅರ್ಧ ಗಂಟೆಯನ್ನಾದರೂ ಕೊಡದೆ ಹೊರಟವನು ಅದನ್ನು ನೋಡಿದನೆಂದು ಹೇಳಬಾರದು. ಊರಿನಲ್ಲಿಯೇ ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿಯಿದೆ. ಸಂಜೆಗೆ ಶತಶೃಂಗ ಪರ್ವತದ ಮೆಟ್ಟಿಲು ಹತ್ತಿದರೆ ಅಂತರಗಂಗೆ. ಬಸವನ ಬಾಯಿಂದ ಸುರಿಯುವ ನೀರು. ಬೇಸಿಗೆಯಲ್ಲಿ ಸಾವಿರ ಅಡಿ ಕೊರೆದರೂ ಕೊಳವೆ ಬಾವಿಯಲ್ಲಿ ನೀರು ಸಿಕ್ಕದಿದ್ದ ಈ ನಾಡಿನಲ್ಲಿ, ಬೆಟ್ಟದ ಹೊಟ್ಟೆಯಿಂದ ಬರುವ ಆ ಧಾರೆಯನ್ನು ಜನರು ಗಂಗೆಯೆಂದು ಕರೆದದ್ದು ಸಹಜವೇ. ದಾರಿಯಲ್ಲಿ ತುಂಬಿದ ಕೆರೆಗಳು ಕಂಡರೆ ಪ್ರವಾಸಿಗನು ಮೋಸಹೋಗದಿರಲಿ: 2018ರಿಂದ ಅವುಗಳಿಗೆ ಬರುತ್ತಿರುವುದು ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆಯ, ಬೆಂಗಳೂರಿನವರೇ ಬಳಸಿ ಬಿಟ್ಟು ಶುದ್ಧಿಮಾಡಿ ಕಳುಹಿಸಿದ ನೀರು. ಅದು ಸಾಕಷ್ಟು ಶುದ್ಧವೇ ಎಂಬ ವಾದ ನಮ್ಮ ರೈತರಲ್ಲಿ ಇನ್ನೂ ಮುಗಿದಿಲ್ಲ.

ರಾತ್ರಿಗೆ ಮುಳಬಾಗಿಲು. ಮೂಡಲ ಬಾಗಿಲೆಂಬ ಹೆಸರೇ ಈ ಊರಿನ ಕಥೆಯನ್ನು ಹೇಳುವುದು. 14ನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಕುಮಾರ ಕಂಪಣನು ಇಲ್ಲಿದ್ದುಕೊಂಡು ಆಳಿ, ದಕ್ಷಿಣದ ಮಧುರೆಯವರೆಗೂ ದಂಡೆತ್ತಿ ಹೋದನು. ಅವನ ರಾಣಿ ಗಂಗಾದೇವಿಯು ಆ ಜೈತ್ರಯಾತ್ರೆಯನ್ನು ಸಂಸ್ಕೃತ ಕಾವ್ಯವಾಗಿ ಬರೆದಳು. ತಿರುಪತಿಗೆ ಹೊರಟವರು ಮೊದಲು ಇಲ್ಲಿನ ಆಂಜನೇಯನಿಗೆ ಕೈಮುಗಿದು ಹೋಗುವ ರೂಢಿ ಹಿಂದಿನಿಂದಲೂ ಇದೆ. ಊರಾಚೆಯ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ. ವ್ಯಾಸರಾಯರಿಗೆ ಪಾಠ ಹೇಳಿದ, ಕನ್ನಡದಲ್ಲಿ ಹರಿಕೀರ್ತನೆ ಹಾಡಿದ ಮಹಾನುಭಾವರು ಅವರು. ಊರೊಳಗೆ ಹೈದರ್ ವಲಿಯ ದರ್ಗಾ. ನಮ್ಮ ವೃತ್ತಿಯವರಿಗೆ ಮತ್ತೊಂದು ಕಾರಣವೂ ಉಂಟು: ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಪತ್ರಿಕೋದ್ಯಮವೆಂದರೆ ವ್ಯಾಪಾರವಲ್ಲವೆಂದು ನಂಬಿದ ಕೊನೆಯ ತಲೆಮಾರಿನವರಲ್ಲಿ ಅವರೊಬ್ಬರು.

ಎರಡನೆಯ ದಿನದ ಬೆಳಗನ್ನು ಆವಣಿಗೇ ಮೀಸಲಿಡಬೇಕು. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳುಳ್ಳ ನೊಳಂಬರ ಕಾಲದ ಗುಡಿಗಳು ಒಂದೇ ಪ್ರಾಕಾರದೊಳಗೆ ನಿಂತಿವೆ. ಹಿಂದಿನ ಬೆಟ್ಟದ ಮೇಲೆ ಸೀತಮ್ಮನ ಗುಡಿ. ವಾಲ್ಮೀಕಿಯ ಆಶ್ರಮವಿದ್ದುದು, ಲವಕುಶರು ಹುಟ್ಟಿದ್ದು ಇಲ್ಲಿಯೇ ಎಂದು ಊರಿನವರು ಹೇಳುವರು. 10ನೆಯ ಶತಮಾನದ ಶಾಸನವೊಂದು ತ್ರಿಭುವನಕರ್ತನೆಂಬ ಯತಿಯ ವಿಷಯವನ್ನು ತಿಳಿಸುತ್ತದೆ. ಆತನು ನಲವತ್ತು ವರ್ಷ ಈ ಸ್ಥಾನವನ್ನು ಆಳಿ, ಐವತ್ತು ದೇಗುಲಗಳನ್ನು ಕಟ್ಟಿಸಿ, ಎರಡು ದೊಡ್ಡ ಕೆರೆಗಳನ್ನು ತೋಡಿಸಿದನಂತೆ. ದೇಗುಲದೊಡನೆ ಕೆರೆಯನ್ನೂ ಸೇರಿಸಿ ಲೆಕ್ಕವಿಟ್ಟ ಆ ಸನ್ಯಾಸಿಯ ಬುದ್ಧಿ ಇಂದಿನ ಎಷ್ಟೋ ಜನಪ್ರತಿನಿಧಿಗಳಿಗೆ ಇಲ್ಲ. ಇಂತಹ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು ಹಳ್ಳಿಹಳ್ಳಿ ತಿರುಗಿಸಿ ಓದಿಸಿ, ಕೋಲಾರ ಜಿಲ್ಲೆಯ ಸಂಪುಟವನ್ನು 1905ರಲ್ಲಿ ಅಚ್ಚುಮಾಡಿಸಿದರು. ಅದರಲ್ಲಿರುವ ಕಥೆಗಳನ್ನು ಆಯಾ ಕಲ್ಲಿನ ಪಕ್ಕದಲ್ಲಿ ನಾಲ್ಕು ಸಾಲು ಸರಳ ಕನ್ನಡದಲ್ಲಿ ಬರೆದು ನಿಲ್ಲಿಸಲು ನೂರು ವರ್ಷಕ್ಕೂ ಮೇಲ್ಪಟ್ಟ ಅವಧಿ ಸಾಲದಾಯಿತೆ?

ಕುರುಡುಮಲೆಯಲ್ಲಿ ಸುಮಾರು 13 ಅಡಿ ಎತ್ತರದ ಏಕಶಿಲೆಯ ಗಣಪತಿ. ಜನರು ಅವನನ್ನು ನೋಡಿ ಹಿಂದಿರುಗುವರು. ಸ್ವಲ್ಪ ದೂರದ ಸೋಮೇಶ್ವರನ ಗುಡಿಗೆ ಹೋಗುವವರು ಕಡಿಮೆ. ಅದರ ಅರ್ಧವನ್ನು ಜಕಣಾಚಾರಿಯೂ ಉಳಿದರ್ಧವನ್ನು ಅವನ ಮಗ ಡಂಕಣನೂ ಕಡೆದರೆಂಬ ಐತಿಹ್ಯವಿದೆ. ಐತಿಹ್ಯ ನಿಜವಾಗಿರಲಿ ಬಿಡಲಿ, ತಂದೆಯ ಕೈ ಯಾವುದು, ಮಗನ ಕೈ ಯಾವುದು ಎಂದು ಗೋಡೆಯ ಮುಂದೆ ನಿಂತು ಚರ್ಚಿಸುವುದಕ್ಕಿಂತ ಉತ್ತಮವಾದ ಕಣ್ಣಿನ ಪಾಠವನ್ನು ನಾವರಿಯೆವು.

ಇಷ್ಟರಲ್ಲಿ ಮಧ್ಯಾಹ್ನವಾಗುವುದು. ವೈಶಾಖ ಜ್ಯೇಷ್ಠದ ದಿನಗಳಾದರೆ ಶ್ರೀನಿವಾಸಪುರದ ದಾರಿ ಹಿಡಿಯಬೇಕು. ರಸಪೂರಿ, ಬಾದಾಮಿ, ಮಲ್ಲಿಕಾ, ನೀಲಂ, ತೋತಾಪುರಿಗಳು ಹಣ್ಣಾಗಿ ಮಂಡಿಗೆ ಬರುವ ಕಾಲದಲ್ಲಿ ಆ ಊರಿನ ಗಾಳಿಯೇ ಸಿಹಿ. ಆದರೆ ಬೆಳೆಗಾರನ ಪಾಡು ಸಿಹಿಯಲ್ಲ. 2025ರ ಜೂನಿನಲ್ಲಿ ಚಿತ್ತೂರು ಜಿಲ್ಲೆಯ ಅಧಿಕಾರಿಗಳು ಹೊರರಾಜ್ಯದ ತೋತಾಪುರಿಯನ್ನು ಗಡಿಯಲ್ಲಿ ತಡೆದಾಗ, ಅಲ್ಲಿನ ತಿರುಳಿನ ಕಾರ್ಖಾನೆಗಳನ್ನೇ ನಂಬಿದ್ದ ನಮ್ಮ ರೈತರು ಬೀದಿಗೆ ಇಳಿಯಬೇಕಾಯಿತು. ತೋಟದಲ್ಲಿಯೇ ನಿಂತು, ಹಣ್ಣು ತಿಂದು, ಒಂದು ಬುಟ್ಟಿಯನ್ನು ಕೊಂಡೊಯ್ಯುವ ಪ್ರವಾಸಿಗನು ಆ ಕಷ್ಟವನ್ನು ಪರಿಹರಿಸಲಾರನು, ನಿಜ. ಆದರೆ ದಳ್ಳಾಳಿಯ ಕೈಗೆ ಹೋಗದ ಹಣವೆಂದರೆ ಅದೊಂದೇ.

ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದದ್ದು. ರೈಲಿನಲ್ಲಿ ಬರುವವರಿಗೆ ಟೇಕಲ್ಲಿನ ವರದರಾಜಸ್ವಾಮಿಯ ಗುಡಿಯೂ, ಭಕ್ತರಿಗೆ ಚಿಕ್ಕತಿರುಪತಿಯೂ, ಕನ್ನಡ ಓದುವವರಿಗೆ ಮಾಸ್ತಿ ಗ್ರಾಮವೂ ಉಂಟು. ನಾಲ್ಕೂ ಊರುಗಳನ್ನು ಎರಡೇ ದಿನದಲ್ಲಿ ಮುಗಿಸುವ ಹಟ ಬೇಡ. ಮಾಲೂರನ್ನು ಮತ್ತೊಂದು ಶನಿವಾರಕ್ಕೆ ಇಟ್ಟುಕೊಂಡರೆ ನಷ್ಟವಿಲ್ಲ.

ಇನ್ನು ನಮ್ಮವರ ಕರ್ತವ್ಯದ ಮಾತು. ಯೂರೋಪಿನ ಸಣ್ಣ ಪಟ್ಟಣದಲ್ಲಿಯೂ ರೈಲಿನಿಂದ ಇಳಿದವನ ಕೈಗೆ ಊರಿನ ನಕ್ಷೆ ಸಿಕ್ಕುವುದು. ಬಾಗಿಲು ಎಷ್ಟು ಗಂಟೆಗೆ ತೆರೆಯುವುದೆಂಬುದು ಬರೆದಿರುವುದು. ನಾವು ನಮ್ಮ ಸೀಮೆಯ ಗುಡಿಯೊಂದಕ್ಕೆ ಹೋದಾಗ ಬೀಗದ ಕೈ ಇಟ್ಟುಕೊಂಡವರನ್ನು ಹುಡುಕುವುದರಲ್ಲಿ ಒಂದು ಗಂಟೆ ಕಳೆಯಿತು. ಅವರು ಮದುವೆಗೆ ಹೋಗಿದ್ದರು. ಊರಿನ ಹೆಸರನ್ನು ಹೇಳೆವು. ಹೆಂಗಸರಿಗೆ ಶೌಚಾಲಯವಿಲ್ಲದ ಕ್ಷೇತ್ರಕ್ಕೆ ಕುಟುಂಬದವರು ಎರಡನೆಯ ಸಲ ಬರುವುದಿಲ್ಲವೆಂಬುದನ್ನು ತಿಳಿಯಲು ಯಾವ ಸಮಿತಿಯೂ ಬೇಕಿಲ್ಲ.

ಯೂರೋಪಿನಿಂದ ಕಲಿಯಬಾರದ್ದೂ ಇದೆ. ವೆನಿಸ್ ನಗರವು ಬೆಳಗ್ಗೆ ಬಂದು ಸಂಜೆಗೆ ಹೋಗುವವರ ಕಾಟವನ್ನು ತಡೆಯಲಾರದೆ 2024ರ ಏಪ್ರಿಲ್ 25ರಿಂದ, ಗೊತ್ತುಮಾಡಿದ ಕೆಲವು ದಿನಗಳಲ್ಲಿ, ತಲೆಗೆ 5 ಯೂರೋ ಪ್ರವೇಶದ ಹಣ ಹಾಕಿತು. ಅದೇ ವರ್ಷದ ಜುಲೈಯಲ್ಲಿ ಬಾರ್ಸಿಲೋನಾದವರು ಪ್ರವಾಸಿಗರ ಮೇಲೆ ಆಟದ ಪಿಚಕಾರಿಯಿಂದ ನೀರೆರಚಿ ಸಿಟ್ಟು ತೀರಿಸಿಕೊಂಡರು. ವೆನಿಸಿನ ಹಣವನ್ನು ಊರಿನಲ್ಲಿ ರಾತ್ರಿ ತಂಗುವವರು ಕೊಡಬೇಕಾಗಿಲ್ಲವೆಂಬುದು ಗಮನಾರ್ಹ. ಅಂತರಗಂಗೆಯ ಮೆಟ್ಟಿಲುಗಳ ಮೇಲೆ ಭಾನುವಾರದ ಸಂಜೆ ಬಿದ್ದಿರುವ ಪ್ಲಾಸ್ಟಿಕ್ಕನ್ನು ಕಂಡವರಿಗೆ ಆ ಊರಿನವರ ಸಂಕಟ ಅರ್ಥವಾಗದೆ ಇರದು.

ಆದಕಾರಣ ಜಿಲ್ಲಾಡಳಿತವು ಮುಂದಿನ ಮಾವಿನ ಸುಗ್ಗಿಗೆ ಮುಂಚೆ ಮೂರು ಕೆಲಸಗಳನ್ನು ಮಾಡಿದರೆ ಸಾಕೆಂದು ನಾವು ಒತ್ತಾಯಿಸುತ್ತೇವೆ. ಆವಣಿ, ಕುರುಡುಮಲೆಗಳಲ್ಲಿ ಹಗಲೆಲ್ಲ ಬಾಗಿಲು ತೆರೆದಿರಲಿ. ಕೋಲಾರದ ಬಸ್ ನಿಲ್ದಾಣದಿಂದ ಶನಿವಾರ ಭಾನುವಾರಗಳಲ್ಲಿ ಈ ಸ್ಥಳಗಳನ್ನು ಸುತ್ತಿ ಬರುವ ಒಂದು ಬಸ್ಸು ಓಡಲಿ. ಮುಳಬಾಗಿಲಿನಲ್ಲಿ ಮಕ್ಕಳೊಂದಿಗರು ನಿಶ್ಚಿಂತೆಯಿಂದ ಮಲಗಬಹುದಾದ ಹತ್ತು ಚೊಕ್ಕಟವಾದ ಕೊಠಡಿಗಳಾಗಲಿ. ಬಸ್ಸಿನ ವೇಳಾಪಟ್ಟಿಯನ್ನು ನಮಗೆ ಕಳುಹಿಸಿಕೊಟ್ಟರೆ ಪ್ರತಿ ಶುಕ್ರವಾರವೂ ಇದೇ ಪುಟದಲ್ಲಿ ಖರ್ಚಿಲ್ಲದೆ ಅಚ್ಚುಮಾಡುವೆವು.