ಮಧ್ಯಾಹ್ನ-ರಾತ್ರಿ ನಡುವೆ ಒಂದು ಶೇಂಗಾ ಉಂಡಿ

ಶಾಲೆಯ ಮಧ್ಯಾಹ್ನದ ಊಟಕ್ಕೂ ರಾತ್ರಿಯ ರೊಟ್ಟಿಗೂ ನಡುವೆ ಆರೇಳು ತಾಸು. ಆಗ ಮಕ್ಕಳ ಕೈಗೆ ಸಿಗುವುದು ಅಂಗಡಿಯ ಕುರುಕಲು ಪೊಟ್ಟಣ. ಅಕ್ಕಲಕೋಟೆ, ಜತ್ತ ಕಡೆ ಶೇಂಗಾ ಚಟ್ನಿ ಇಲ್ಲದ ಮನೆ ಅಪರೂಪ. ಚಟ್ನಿಗೆ ಹುರಿಯುವಾಗಲೇ ಎರಡು ಬಟ್ಟಲು ಹೆಚ್ಚು ಹುರಿಯಿರಿ, ಉರಿ ಸಣ್ಣದಿರಲಿ. ಆರಿದ ಮೇಲೆ ಸಿಪ್ಪೆ ಉಜ್ಜಿ ತೆಗೆದು, ಒಂದು ಬಟ್ಟಲು ಬೆಲ್ಲದ ಪುಡಿ ಸೇರಿಸಿ ಕುಟ್ಟಿ. ಶೇಂಗಾ ಎಣ್ಣೆ ಬಿಡುವುದರಿಂದ ಉಂಡಿ ತಾನೇ ಕಟ್ಟುತ್ತದೆ, ತುಪ್ಪ ಬೇಡ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಬೂಷ್ಟು ಹಿಡಿದ ಕಾಳನ್ನು ಮಾತ್ರ ಆರಿಸಿ ಎಸೆಯಿರಿ. ಹುರಿದರೂ ಅದರ ವಿಷ ಪೂರ್ತಿ ಹೋಗದು. ಒಣ ಡಬ್ಬಿಯಲ್ಲಿ ವಾರ ಇಡಬಹುದು. ಸಂಜೆಗೆ ಒಂದೇ ಕೊಡಿ. ಎರಡು ತಿಂದರೆ ರಾತ್ರಿ ರೊಟ್ಟಿ ಬೇಡವೆನ್ನುತ್ತಾರೆ.