ಎರಡು ತೊಟ್ಟಿಯ ಗೊಬ್ಬರ ಕಕ್ಕಸು

ಆಷಾಢದಲ್ಲಿ ನಮ್ಮ ಮಲೆನಾಡಿನ ಬಾವಿಯ ನೀರು ಕೈಗೆಟುಕುತ್ತದೆ. ಅದೇ ನೀರು ಕಕ್ಕಸುಗುಂಡಿಯಲ್ಲೂ ಏರಿರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಬಯಲಿಗೆ ಹೋಗುವುದು ಇನ್ನೂ ಕೆಡುಕು. ಕೊಕ್ಕೆಹುಳುವಿನ ಮರಿ ತೇವದ ನೆರಳುಮಣ್ಣಿನಲ್ಲಿ ಬೆಳೆದು ಬರಿಗಾಲಿನ ಚರ್ಮದ ಮೂಲಕವೇ ಒಳಸೇರುತ್ತದೆ. ಕಾಫಿ ತೋಟದ ನೆರಳು ಅದಕ್ಕೂ ಹಿತವೇ. ರಕ್ತಹೀನನಾದ ಆಳನ್ನು ಸೋಮಾರಿ ಎಂದು ಬೈಯುವವರೂ ನಾವೇ.

ಇಂಥ ಜಾಗದಲ್ಲಿ ಗುಂಡಿ ತೋಡದೆ ನೆಲದ ಮೇಲೆಯೇ ಕಟ್ಟುವುದು ಲೇಸು. ವಿಯೆಟ್ನಾಮಿನಲ್ಲಿ 1950ರ ದಶಕದಲ್ಲಿ ರೂಢಿಗೆ ಬಂದ ಕ್ರಮವಿದು. ಕಾಂಕ್ರೀಟ್ ತಳದ ಮೇಲೆ ಅಕ್ಕಪಕ್ಕ ಎರಡು ತೊಟ್ಟಿ, ಮೇಲೆ ಚಪ್ಪಡಿ, ಹಿಂದೆ ಗೊಬ್ಬರ ತೆಗೆಯಲು ಬಾಗಿಲು. ತೊಟ್ಟಿಗೆ ನೀರು ಬಿದ್ದರೆ ನಾರುತ್ತದೆ. ನಮ್ಮದು ತೊಳೆಯುವ ರೂಢಿಯಾದ್ದರಿಂದ ಅದಕ್ಕೆ ಬೇರೆ ಜಾಗ ಮಾಡಿ, ಆ ನೀರನ್ನೂ ಮೂತ್ರವನ್ನೂ ಬಾವಿಗೆ ದೂರವಾದ, ಜಲ್ಲಿ ತುಂಬಿದ ಬಾಳೆಪಾತಿಗೆ ಬಿಡಬೇಕು. ಪ್ರತಿಸಲವೂ ಒಂದು ಚಿಪ್ಪು ಬೂದಿ ಹಾಕಬೇಕು. ಅಡಿಕೆ ಬೇಯಿಸುವ ಮನೆಯಲ್ಲಿ ಬೂದಿಗೇನು ಬರ! ಒಂದು ತುಂಬಿದಾಗ ಮುಚ್ಚಿ, ಇನ್ನೊಂದನ್ನು ಬಳಸುವುದು.

ಗೊಬ್ಬರದ ಆಸೆ ಕೆಡಿಸುವುದು ಇಲ್ಲಿಯೇ. ನೋಡಲು ಮಣ್ಣಾಗಿದ್ದರೂ ಜಂತುಹುಳುವಿನ ಮೊಟ್ಟೆ ಅದರಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮುಚ್ಚಿದ ತೊಟ್ಟಿಯನ್ನು ವರ್ಷ ತುಂಬುವವರೆಗೆ ತೆರೆಯಕೂಡದು. ಆದ್ದರಿಂದ ಬಳಸುವ ತಲೆಗಳನ್ನು ಎಣಿಸಿ, ಒಂದೊಂದು ತೊಟ್ಟಿಯೂ ವರ್ಷಕ್ಕೆ ಸಾಲುವಷ್ಟು ದೊಡ್ಡದಾಗಿ ಕಟ್ಟಿಸಿರಿ. ತೆಗೆದ ಗೊಬ್ಬರವನ್ನು ಅಡಿಕೆ ಮರದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿರಿ; ಸೊಪ್ಪು ತರಕಾರಿಯ ಪಾತಿಗೆ ಬೇಡ.